ಮನೆ ಮಾತು: ತೋಟ ಇದೆ, ಹೆಣ್ಣಿಲ್ಲ, ಮದುವೆ ಇದೆ, ಮಾತಿಲ್ಲ

ಈ ತಿಂಗಳ ಪತ್ರಗಳನ್ನು ಓದಿ ಮುಗಿಸುವಾಗ ಹೊರಗೆ ಮಳೆ ಇನ್ನೂ ಬಿಟ್ಟಿರಲಿಲ್ಲ. ಮೇಜಿನ ಮೇಲಿದ್ದ ಪತ್ರಗಳೆಲ್ಲ ಮದುವೆಯದೇ. ಆಗದ ಮದುವೆ, ಆಗಿ ಮುರಿದ ಮದುವೆ, ಮುರಿಯಲೂ ಆಗದೆ ಎಳೆದುಕೊಂಡು ಹೋಗುತ್ತಿರುವ ಮದುವೆ. ಹಾಗಾಗಿ ಪಹಣಿ, ಪಾಲು, ಬ್ಯಾಂಕ್ ಸಾಲದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ, ಕೇಳಿದವರು ಬೇಸರ ಮಾಡಿಕೊಳ್ಳಬೇಡಿ. ಶಿವಮೊಗ್ಗದಲ್ಲಿ ಸಂಸಾರದ ಕೇಸುಗಳನ್ನು ನಡೆಸುತ್ತ ನನಗೆ ಇಪ್ಪತ್ತೆರಡು ವರ್ಷ ಆಯಿತು. ಕಾನೂನು ಇರುವ ಹಾಗೆ ಹೇಳುತ್ತೇನೆ, ಉಳಿದದ್ದು ಮನೆಯ ಅಕ್ಕ ಹೇಳುವ ಮಾತು ಅಂದುಕೊಳ್ಳಿ. ಯಾರ ಹೆಸರೂ ಹಾಕಿಲ್ಲ, ತಾಲ್ಲೂಕು ಮಾತ್ರ ಇದೆ.

ಪ್ರಶ್ನೆ: ಮಗನಿಗೆ 35 ಆಯಿತು. ಡಿಗ್ರಿ ಮಾಡಿದ್ದಾನೆ. ಮೂರೂವರೆ ಎಕರೆ ಅಡಿಕೆ ತೋಟ ಇದೆ, ಸ್ವಲ್ಪ ಗದ್ದೆ ಇದೆ, ಮನೆ ಬಾಗಿಲಿಗೆ ಕಾರು ಬರುತ್ತದೆ. ಕೆಟ್ಟ ಚಟ ಒಂದೂ ಇಲ್ಲ. ಏಳು ವರ್ಷದಿಂದ ಜಾತಕ ಹಿಡಿದು ತಿರುಗುತ್ತಿದ್ದೇವೆ, ‘ತೋಟದ ಮನೆ’ ಅಂದ ಕೂಡಲೇ ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ. ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದೇವೆ, ಅವಳು ಸುಖವಾಗಿದ್ದಾಳೆ. ಈಗ ಒಬ್ಬ ದಲ್ಲಾಳಿ ಬೇರೆ ರಾಜ್ಯದಿಂದ ಹುಡುಗಿ ತರಿಸಿಕೊಡುತ್ತೇನೆ, ಮೂರು ಲಕ್ಷ ಆಗುತ್ತದೆ ಅನ್ನುತ್ತಿದ್ದಾನೆ. ಮಾಡಬಹುದಾ ಅಕ್ಕಾ? (ಹೊಸನಗರ ತಾಲ್ಲೂಕು)

ಅಮ್ಮಾ, ಆ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹುಡುಗಿಯನ್ನು ‘ತರಿಸಿಕೊಡುವುದು’ ಅಂದರೆ ಏನು? ಅವಳಿಗೆ ಎಷ್ಟು ವಯಸ್ಸು, ಅವಳ ಒಪ್ಪಿಗೆ ಇದೆಯಾ, ಅವಳ ಅಪ್ಪ ಅಮ್ಮನಿಗೆ ನಿಮ್ಮ ಮನೆ ಎಲ್ಲಿದೆ ಅಂತ ಗೊತ್ತಿದೆಯಾ? ಮೂರು ಲಕ್ಷದಲ್ಲಿ ಯಾರಿಗೆ ಎಷ್ಟು ಹೋಗುತ್ತದೆ? ಇದು ಹೆಣ್ಣನ್ನು ಸಾಗಿಸುವ ವ್ಯವಹಾರವೂ ಆಗಿರಬಹುದು, ಅದು ದೊಡ್ಡ ಅಪರಾಧ. ನಾಳೆ ಪೊಲೀಸರು ಬಂದರೆ ದಲ್ಲಾಳಿ ಸಿಗುವುದಿಲ್ಲ, ಅಂಗಳದಲ್ಲಿ ನಿಮ್ಮ ಮಗ ನಿಂತಿರುತ್ತಾನೆ.

ದೂರದ ಊರಿನ ಹುಡುಗಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಉತ್ತರ ಭಾರತದಿಂದ ಬಂದು ಇಲ್ಲಿ ಒಗ್ಗಿಕೊಂಡು, ಕನ್ನಡ ಕಲಿತು, ಚೆನ್ನಾಗಿ ಸಂಸಾರ ಮಾಡುತ್ತಿರುವವರನ್ನು ನೋಡಿದ್ದೇನೆ. ಆದರೆ ಹೋಗುವುದಾದರೆ ಮಗನೇ ಹೋಗಲಿ, ನೀವೂ ಹೋಗಿ. ಅವರ ಮನೆಯಲ್ಲಿ ಎರಡು ದಿನ ಇರಿ. ಅವರಿಗೂ ನಿಮ್ಮ ಮನೆ ನೋಡಲು ಬರಲು ಹೇಳಿ, ಮಳೆಗಾಲದಲ್ಲೇ ಬರಲಿ. ಹುಡುಗಿಯ ಜೊತೆ ಅವಳ ಭಾಷೆಯಲ್ಲೇ ಯಾರಾದರೂ ಒಂಟಿಯಾಗಿ ಮಾತಾಡಲಿ, ವಯಸ್ಸಿನ ದಾಖಲೆ ನೋಡಿ, ಮದುವೆಯನ್ನು ನೋಂದಣಿ ಮಾಡಿಸಿ. ನಮ್ಮ ರಾಜ್ಯದಲ್ಲೇ ಸರ್ಕಾರದ ಮಹಿಳಾ ನಿಲಯಗಳಲ್ಲಿರುವ ಹೆಣ್ಣುಮಕ್ಕಳಿಗೆ ಅಧಿಕಾರಿಗಳೇ ಹುಡುಗನ ಮನೆ ವಿಚಾರಿಸಿ ಮದುವೆ ಮಾಡಿಕೊಡುವುದು ಉಂಟು. ಅಲ್ಲಿ ಕೇಳಿದ್ದೀರಾ? ಗಂಡ ತೀರಿಕೊಂಡವರು, ಮದುವೆಯಿಂದ ಬಿಡುಗಡೆ ಆದವರು, ಬೇರೆ ಜಾತಿಯವರು ಆಗಬಹುದು ಅಂತ ಯಾರಿಗಾದರೂ ಹೇಳಿದ್ದೀರಾ? ಜಾತಕವನ್ನು ಕಪಾಟಿನಲ್ಲಿ ಇಟ್ಟುಬಿಡಿ. ಏಳು ವರ್ಷ ಅದು ಏನು ಕೊಟ್ಟಿತು?

ನಿಮ್ಮ ಮನೆಯೊಂದರ ಕಥೆ ಅಲ್ಲ ಇದು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ರೈತ ಹುಡುಗರು ನಮಗೂ ಹೆಣ್ಣು ಸಿಗಲಪ್ಪಾ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟಿವಿಯಲ್ಲಿ ನೋಡಿದವರು ನಕ್ಕರು. ನನಗೆ ನಗು ಬರಲಿಲ್ಲ. ಅವರ ಹಿಂದೆ ಮನೆಯಲ್ಲಿ ನಿಮ್ಮಂಥ ತಾಯಂದಿರು ಕೂತಿರುತ್ತಾರೆ ಅಲ್ವಾ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ, ನೋಯಿಸಲು ಅಲ್ಲ. ‘ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದೇವೆ, ಅವಳು ಸುಖವಾಗಿದ್ದಾಳೆ’ ಅಂತ ಬರೆದಿದ್ದೀರಿ. ಅವಳಿಗೆ ತೋಟದ ಮನೆಯ ಸಂಬಂಧ ಬಂದಿರಲಿಲ್ಲವಾ? ಬಂದಿರುತ್ತದೆ. ಬೇಡ ಅಂದವರು ನೀವೇ ಇರಬಹುದು. ಬೆಳಗಿನ ಜಾವ ಎದ್ದು ಕೊಟ್ಟಿಗೆ, ಹಾಲು, ಬಚ್ಚಲ ಒಲೆ, ಆಮೇಲೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ಹತ್ತು ಹದಿನೈದು ಜನಕ್ಕೆ ತಿಂಡಿ ಊಟ, ರಾತ್ರಿ ಅಡಿಕೆ ಸುಲಿಯುವವರಿಗೆ ಕಾಫಿ, ನಡುವೆ ಮಕ್ಕಳು, ಮುದುಕರು, ಬಂದ ನೆಂಟರು. ಇದನ್ನೆಲ್ಲ ಮಾಡಿ ಸವೆದ ತಾಯಿ ಮಗಳಿಗೆ ‘ನೀನು ಓದು, ನನ್ನ ಹಾಗೆ ಆಗಬೇಡ’ ಅಂದಳು. ನನ್ನ ಅಮ್ಮನೂ ಅಂದಿದ್ದಳು. ಮಲೆನಾಡಿನ ಒಂದು ತಲೆಮಾರಿನ ತಾಯಂದಿರೆಲ್ಲ ಹೀಗೇ ಹೇಳಿದರು, ಹೆಣ್ಣುಮಕ್ಕಳು ಮಾತು ಕೇಳಿದರು. ಇದರಲ್ಲಿ ಅವರದ್ದೇನು ತಪ್ಪು?

ಶರಾವತಿ ಹಿನ್ನೀರಿನ ಆಚೆಯವರಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಿದ್ದ ಕಾಲ ಇತ್ತು. ಸಂಜೆ ಲಾಂಚ್ ನಿಂತರೆ ಹೆರಿಗೆ ನೋವು ಬಂದವಳನ್ನು ಹೇಗೆ ದಾಟಿಸುವುದು ಅನ್ನುವ ಭಯ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ಎರಡೂವರೆ ಕಿಲೋಮೀಟರಿನಷ್ಟು ಉದ್ದ, ಈಗ ಐದು ನಿಮಿಷದಲ್ಲಿ ದಾಟುತ್ತಾರೆ. ಆ ಸೇತುವೆ ಕಟ್ಟಬೇಕಾದದ್ದು ಸರ್ಕಾರ. ಮನೆಯೊಳಗೆ ಕಟ್ಟಬೇಕಾದದ್ದನ್ನು ನಾವೇ ಕಟ್ಟಬೇಕು.

ಬೇಡ ಅನ್ನುವ ಹುಡುಗಿಯರ ಜೊತೆ ನಾನು ಮಾತಾಡಿದ್ದೇನೆ. ಅವರು ಹಳ್ಳಿಯನ್ನು ಬೈಯುವುದಿಲ್ಲ. ಒಬ್ಬಳು ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ಹುಡುಗನಿಗೇ ಅವನ ಕೈಯಲ್ಲಿ ದುಡ್ಡಿಲ್ಲ ಮೇಡಂ, ಬೈಕಿನ ಪೆಟ್ರೋಲಿಗೂ ಅಪ್ಪಯ್ಯನನ್ನು ಕೇಳ್ತಾನೆ, ನಾನು ಯಾರನ್ನು ಕೇಳಲಿ?’ ಅಡಿಕೆ ಮಾರಿದ ದುಡ್ಡು ಬರುವುದು ಯಜಮಾನರ ಖಾತೆಗೆ, ಪಹಣಿ ಅವರ ಹೆಸರಲ್ಲಿ, ಸೊಸೈಟಿ ಪಾಸ್‌ಬುಕ್ ಅವರ ಹೆಸರಲ್ಲಿ. ಮೂವತ್ತೈದು ವರ್ಷದ ಗಂಡಸು ತನ್ನ ಮನೆಯಲ್ಲಿ ಸಂಬಳ ಇಲ್ಲದ ಆಳು. ಅವನನ್ನು ನೋಡಿ ಯಾವ ಹುಡುಗಿ ಧೈರ್ಯ ಮಾಡುತ್ತಾಳೆ?

ನಿಮ್ಮ ಯಜಮಾನರ ಜೊತೆ ಕೂತು ಮಾತಾಡಿ. ತೋಟದ ಆದಾಯದಲ್ಲಿ ಮಗನಿಗೆ ಇಷ್ಟು ಅಂತ ಪ್ರತಿ ವರ್ಷ ಅವನ ಖಾತೆಗೆ ಹೋಗಲಿ. ಅವನಿಗೊಂದು ಬೇರೆ ಕೋಣೆ, ಅದಕ್ಕೇ ಅಂಟಿದ ಬಚ್ಚಲು ಕಟ್ಟಿಸಿ. ಸೊಸೆ ಕೆಲಸಕ್ಕೆ ಹೋಗಬಹುದು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡಬಹುದು, ಅಡಿಗೆಗೆ ಸುಗ್ಗಿ ಕಾಲದಲ್ಲಿ ಜನ ಇಡುತ್ತೇವೆ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆಯಿರಿ. ಮಗನಿಗೂ ಒಂದು ಮಾತು. ಅಡಿಗೆ ಕಲಿಯಲಿ. ನಾನು ತಮಾಷೆಗೆ ಹೇಳುತ್ತಿಲ್ಲ. ಹುಡುಗಿ ನೋಡಲು ಬಂದ ದಿನ ಅವನೇ ಕಾಫಿ ಮಾಡಿಕೊಟ್ಟರೆ ಆ ಮನೆಯ ಬಗ್ಗೆ ಅವಳಿಗೆ ಅರ್ಧ ಗೊತ್ತಾಗಿರುತ್ತದೆ.

ಪ್ರಶ್ನೆ: ನನಗೆ 29. ಬೆಂಗಳೂರಿನಲ್ಲಿ ಕೆಲಸ. ಮದುವೆಯಾಗಿ ಎರಡೂವರೆ ವರ್ಷ. ಅವರು ಕೆಟ್ಟವರಲ್ಲ, ಹೊಡೆದಿಲ್ಲ, ಬೈದಿಲ್ಲ. ಆದರೆ ನಮ್ಮಿಬ್ಬರ ನಡುವೆ ಏನೂ ಇಲ್ಲ. ಒಂದೂಕಾಲು ವರ್ಷದಿಂದ ಒಂದೇ ಫ್ಲಾಟಿನಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದೇವೆ. ಇಬ್ಬರೂ ಕೂತು ಮಾತಾಡಿ, ಬಿಡುಗಡೆ ತೆಗೆದುಕೊಳ್ಳೋಣ ಅಂದುಕೊಂಡಿದ್ದೇವೆ. ಊರಲ್ಲಿ ಅಪ್ಪ ಅಮ್ಮ ‘ತಮ್ಮನ ಮದುವೆ ಆಗುವವರೆಗೆ ಸುಮ್ನೆ ಇರು, ಯಾರಿಗೂ ಹೇಳಬೇಡ’ ಅಂತಾರೆ. ಮಾವ ಛಾಪಾ ಕಾಗದದಲ್ಲಿ ಬರೆದುಕೊಂಡರೆ ಸಾಕು, ಕೋರ್ಟು ಬೇಡ ಅಂತಾರೆ. ಏನು ಮಾಡಲಿ? (ತೀರ್ಥಹಳ್ಳಿ ತಾಲ್ಲೂಕು)

ಮೊದಲು ಮಾವನವರ ಮಾತಿಗೆ ಉತ್ತರ. ಛಾಪಾ ಕಾಗದದಲ್ಲಿ ಇಬ್ಬರೂ ಸಹಿ ಮಾಡಿ, ನೋಟರಿ ಸೀಲು ಒತ್ತಿಸಿದರೆ ಮದುವೆ ಮುಗಿಯುವುದಿಲ್ಲ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದು ಬಂದ ಬಿಡುಗಡೆ ಪದ್ಧತಿಯನ್ನು 1955ರ ಹಿಂದೂ ವಿವಾಹ ಕಾಯ್ದೆ ಉಳಿಸಿಕೊಂಡಿದೆ ನಿಜ, ಆದರೆ ಆ ಪದ್ಧತಿ ನಿಮ್ಮಲ್ಲಿ ಇತ್ತು ಅಂತ ಸಾಕ್ಷಿ ಸಮೇತ ತೋರಿಸಬೇಕಾಗುತ್ತದೆ. ಛಾಪಾ ಕಾಗದ ನಂಬಿ ಎರಡನೇ ಮದುವೆ ಮಾಡಿಕೊಂಡವರು ಆಮೇಲೆ ನನ್ನ ಆಫೀಸಿಗೆ ಬಂದು ಅತ್ತಿದ್ದಾರೆ. ನೀನು ಆ ದಾರಿ ಹಿಡಿಯಬೇಡ ತಂಗಿ.

ಇಬ್ಬರೂ ಒಪ್ಪಿದ ಬಿಡುಗಡೆಗೆ ಕಾನೂನಿನಲ್ಲಿ ನೇರ ದಾರಿ ಇದೆ. ಅದೇ ಹಿಂದೂ ವಿವಾಹ ಕಾಯ್ದೆಗೆ 1976ರ ತಿದ್ದುಪಡಿಯಲ್ಲಿ ಸೇರಿಸಿದ 13ಬಿ ಕಲಂ. ಒಂದು ವರ್ಷವಾದರೂ ಬೇರೆ ಇರಬೇಕು. ಬೇರೆ ಇರುವುದು ಅಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ, ಗಂಡ ಹೆಂಡತಿಯಾಗಿ ಬಾಳದೆ ಒಂದೇ ಸೂರಿನಡಿ ಇದ್ದರೂ ಆಗುತ್ತದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಾಗಾಗಿ ನಿಮ್ಮ ಒಂದೂಕಾಲು ವರ್ಷ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಸೇರಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳ ಒಳಗೆ ಮತ್ತೆ ಬಂದು ಇಬ್ಬರೂ ಹೌದು ಅನ್ನಬೇಕು. ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ತೀರ್ಪು ಬಂತು. ಆದರೆ ಅದಕ್ಕೆ ಬೇರೆ ಇದ್ದು ಒಂದೂವರೆ ವರ್ಷ ಆಗಿರಬೇಕು, ದುಡ್ಡು ಒಡವೆಯ ಲೆಕ್ಕ ಎಲ್ಲ ಮುಗಿದಿರಬೇಕು, ಸೇರಿಸುವ ಪ್ರಯತ್ನ ನಡೆದು ಸೋತಿರಬೇಕು. ಕಡೆಯ ದಿನದವರೆಗೂ ಇಬ್ಬರಲ್ಲಿ ಯಾರಾದರೂ ಮನಸ್ಸು ಬದಲಾಯಿಸಬಹುದು ಅನ್ನುವುದನ್ನೂ ತಿಳಿದುಕೊಂಡಿರು. ಮದುವೆ ತೀರ್ಥಹಳ್ಳಿಯಲ್ಲಿ ಆಗಿದ್ದರೆ ಈ ಜಿಲ್ಲೆಯಲ್ಲೂ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲೂ ಹಾಕಬಹುದು. ನಿಮ್ಮ ಕೆಲಸ ಇರುವ ಕಡೆಯೇ ಸುಲಭ.

ಇನ್ನು ಅಪ್ಪ ಅಮ್ಮ.

ನನಗೊಬ್ಬರು ಚಿಕ್ಕಮ್ಮ ಇದ್ದರು. ನಾನು ಸಣ್ಣವಳಿದ್ದಾಗ ಒಂದು ಟ್ರಂಕು ಹಿಡಿದುಕೊಂಡು ಗಂಡನ ಮನೆಯಿಂದ ಬಂದವರು ವಾಪಸ್ಸು ಹೋಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಹಿತ್ತಿಲ ಕಡೆಯ ಕತ್ತಲೆ ಕೋಣೆ ಅವರದ್ದಾಯಿತು. ಮನೆಯ ಎಲ್ಲ ಸೊಸೆಯಂದಿರ ಬಾಣಂತನ ಮಾಡಿದರು, ಹಪ್ಪಳ ಸಂಡಿಗೆ ಮಾಡಿದರು, ಮದುವೆಗಳಲ್ಲಿ ಆರತಿ ಎತ್ತುವಾಗ ಅಡಿಗೆ ಮನೆಯಲ್ಲೇ ಉಳಿದರು. ಕೋರ್ಟಿಲ್ಲ, ಕಾಗದ ಇಲ್ಲ, ಎಲ್ಲೂ ಲೆಕ್ಕಕ್ಕೆ ಬರಲಿಲ್ಲ. ಈ ಕಡೆಯ ಹಳೆಯ ಮನೆಗಳಲ್ಲಿ ಇಂಥ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಒಬ್ಬರಾದರೂ ಇರುತ್ತಿದ್ದರು, ನೆನಪು ಮಾಡಿಕೊಂಡು ನೋಡಿ. ಈಗಿನವರಿಗೆ ತಾಳ್ಮೆ ಇಲ್ಲ, ಡೈವೋರ್ಸ್ ಜಾಸ್ತಿ ಆಯಿತು ಅಂತ ಜಗಲಿಯಲ್ಲಿ ಕೂತು ಮಾತಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮದುವೆಗಳು ಆಗಲೂ ಮುರಿಯುತ್ತಿದ್ದವು, ಮುರಿದದ್ದು ಹಿತ್ತಿಲ ಕೋಣೆಯಲ್ಲಿ ಇರುತ್ತಿತ್ತು. ಈಗ ಅದು ಬಾಗಿಲಿನಿಂದ ಹೊರಗೆ ನಡೆದು ಬರುತ್ತಿದೆ, ಹಾಗಾಗಿ ಕಾಣುತ್ತಿದೆ.

ಇನ್ನೊಂದು ಮಾತನ್ನೂ ಅಪ್ಪ ಅಮ್ಮನಿಗೆ ನೆನಪಿಸು. ಇದೇ ಸೀಮೆಯಲ್ಲಿ ಹಲವು ಸಮುದಾಯಗಳಲ್ಲಿ ಹೊಂದಿಕೆ ಆಗದಿದ್ದರೆ ಹಿರಿಯರ ಮುಂದೆ ಬಿಡುಗಡೆ ಮಾಡಿ, ಆ ಹೆಣ್ಣಿಗೆ ಉಡಿಕೆ, ಕೂಡಿಕೆ ಅಂತ ಇನ್ನೊಂದು ಸಂಸಾರ ಕಟ್ಟಿಕೊಡುತ್ತಿದ್ದರು. ಇದೇನೂ ನಿನ್ನೆ ಮೊನ್ನೆ ಪೇಟೆಯಿಂದ ಬಂದದ್ದಲ್ಲ.

ತಮ್ಮನ ಮದುವೆಗಾಗಿ ಮುಚ್ಚಿಟ್ಟರೆ ಏನಾಗುತ್ತದೆ ಗೊತ್ತಾ? ಆ ಹುಡುಗಿಯ ಮನೆಯವರಿಗೆ ಸುಳ್ಳು ಹೇಳಿ ಮದುವೆ ಮಾಡಿದ ಹಾಗೆ ಆಗುತ್ತದೆ. ಆರು ತಿಂಗಳಿಗೆ ಅವರಿಗೆ ಗೊತ್ತಾಗೇ ಆಗುತ್ತದೆ. ಆಮೇಲೆ ಆ ಮನೆಯಲ್ಲಿ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ನೀನೇ ಒಂದು ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋಗು. ಫೋನಿನಲ್ಲಿ ಇದನ್ನು ಮಾತಾಡಬೇಡ. ನಿನ್ನ ಗಂಡನೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ನಾವಿಬ್ಬರೂ ಜಗಳ ಇಲ್ಲದೆ ತೀರ್ಮಾನ ಮಾಡಿದ್ದೇವೆ ಅಂತ ಇಬ್ಬರ ಬಾಯಿಂದಲೂ ಅವರು ಕೇಳಲಿ. ಅಮ್ಮ ಅಳುತ್ತಾರೆ. ಅಳಲಿ, ಪಕ್ಕದಲ್ಲಿ ಕೂತಿರು.

ಪ್ರಶ್ನೆ: ಹೆಂಡತಿ ನರ್ಸ್, ನನಗಿಂತ ಜಾಸ್ತಿ ಸಂಬಳ. ನಾನಿದ್ದ ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿದ್ದು ಎರಡು ವರ್ಷದ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ. ‘ಹೆಂಡತಿ ದುಡಿಮೆಯಲ್ಲಿ ಕೂತು ತಿನ್ನೋನು’ ಅಂತ ನೆಂಟರು ಅಂತಾರೆ. ನಮ್ಮಿಬ್ಬರಿಗೆ ತೊಂದರೆ ಇಲ್ಲ. ಆದರೂ ಮನಸ್ಸಿಗೆ ಚುಚ್ಚುತ್ತದೆ. (ಭದ್ರಾವತಿ)

ತಮ್ಮಾ, ನಿಮ್ಮಿಬ್ಬರಿಗೆ ತೊಂದರೆ ಇಲ್ಲ ಅಂದಮೇಲೆ ಅರ್ಧ ಉತ್ತರ ನೀನೇ ಕೊಟ್ಟಿದ್ದೀಯ. ಎರಡು ವರ್ಷದ ಮಗುವನ್ನು ನೋಡಿಕೊಳ್ಳುವುದು ಕೂತು ತಿನ್ನುವ ಕೆಲಸ ಅಲ್ಲ, ಒಂದು ಮಧ್ಯಾಹ್ನ ಮಗುವನ್ನು ಆ ನೆಂಟರ ಕೈಗೆ ಕೊಟ್ಟು ಬಾ, ಅವರಿಗೇ ತಿಳಿಯುತ್ತದೆ. ಚುಚ್ಚುವುದನ್ನು ಹೆಂಡತಿಗೆ ಹೇಳು, ಒಳಗೇ ಇಟ್ಟುಕೊಂಡರೆ ಒಂದು ದಿನ ಅವಳ ಮೇಲೇ ಸಿಟ್ಟಾಗಿ ಬರುತ್ತದೆ. ನಿನ್ನ ಹೆಸರಲ್ಲೂ ಪ್ರತಿ ತಿಂಗಳು ಸ್ವಲ್ಪ ಉಳಿತಾಯ ಆಗಲಿ. ಮನೆಯಲ್ಲಿರುವ ಹೆಂಗಸರಿಗೂ ನಾನು ಇದನ್ನೇ ಹೇಳುವುದು.

ಪ್ರಶ್ನೆ: ತಂಗೀ, ನನಗೆ 71. ಮಗ ಸೊಸೆಗೆ ಹೋದ ವರ್ಷ ಡೈವೋರ್ಸ್ ಆಯಿತು. ಆರು ವರ್ಷದ ಮೊಮ್ಮಗಳು ತಾಯಿಯ ಜೊತೆ ಶಿವಮೊಗ್ಗದಲ್ಲಿದ್ದಾಳೆ. ಪ್ರತಿ ಗಣೇಶನ ಹಬ್ಬಕ್ಕೆ, ಬೇಸಿಗೆ ರಜೆಗೆ ಬರುತ್ತಿದ್ದ ಮಗು. ಈಗ ಹದಿನಾಲ್ಕು ತಿಂಗಳಾಯಿತು ನೋಡದೆ. ಕೋರ್ಟು ಮಗನಿಗೆ ತಿಂಗಳಿಗೆ ಎರಡು ಭಾನುವಾರ ಕೊಟ್ಟಿದೆ, ಅವನೇ ಬೆಂಗಳೂರಿನಿಂದ ಸರಿಯಾಗಿ ಬರುವುದಿಲ್ಲ. ‘ಆ ಹುಡುಗಿ ಹತ್ರ ಮಾತಾಡಿದರೆ ಮಗನಿಗೆ ಅವಮಾನ’ ಅಂತ ನೆಂಟರು ಅಂತಾರೆ. ನನ್ನ ಹೆಂಡತಿ ಮಗುವಿನ ಫ್ರಾಕು ಹಿಡಿದು ಅಳುತ್ತಾಳೆ. ಅಜ್ಜ ಅಜ್ಜಿಗೆ ಹಕ್ಕಿಲ್ಲವಾ? (ಸಾಗರ)

ಹಿರಿಯರೇ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಬೇರೆ ಪತ್ರ ಬಿಚ್ಚಲು ಆಗಲಿಲ್ಲ.

ಕಾನೂನಿನಲ್ಲಿ ದಾರಿ ಇದೆ. 1890ರಷ್ಟು ಹಳೆಯ ಪೋಷಕರ ಕಾಯ್ದೆ ಇದೆ, ಅದರಡಿ ಕೋರ್ಟು ಮಗುವಿನ ಹಿತ ನೋಡಿ ಅಜ್ಜ ಅಜ್ಜಿಗೂ ಭೇಟಿಗೆ ಅವಕಾಶ ಕೊಡಬಹುದು. ಆದರೆ ಆ ದಾರಿಯನ್ನು ಈಗಲೇ ಹಿಡಿಯಬೇಡಿ. ಕೋರ್ಟಿನ ನೋಟಿಸು ಹೋದ ದಿನದಿಂದ ಆ ಹುಡುಗಿಗೆ ನೀವು ಎದುರು ಪಾರ್ಟಿ ಆಗುತ್ತೀರಿ. ಮಗುವಿಗೂ ಅದರ ಗಾಳಿ ತಾಗುತ್ತದೆ.

ಒಂದು ಫೋನ್ ಮಾಡಿ. ಮಗನನ್ನು ಕೇಳಬೇಡಿ, ನೆಂಟರನ್ನಂತೂ ಕೇಳಲೇಬೇಡಿ. ಅವಳು ನಿಮ್ಮ ಸೊಸೆ ಅಲ್ಲದೆ ಇರಬಹುದು, ನಿಮ್ಮ ಮೊಮ್ಮಗಳ ತಾಯಿ ಅನ್ನುವುದನ್ನು ಕೋರ್ಟಿನ ಯಾವ ಡಿಕ್ರಿಯೂ, ಅಂದರೆ ತೀರ್ಪಿನ ಆದೇಶವೂ, ಅಳಿಸಿಲ್ಲ. ಸುತ್ತಿ ಬಳಸಿ ಮಾತು ಬೇಡ. ‘ಮಗಾ, ಪುಟ್ಟಿಯನ್ನು ನೋಡಬೇಕು ಅನ್ನಿಸಿದೆ. ನೀನು ಹೇಳಿದ ದಿನ, ನೀನು ಹೇಳಿದ ಜಾಗಕ್ಕೆ ಬರ್ತೀವಿ. ನೀನೂ ಅಲ್ಲೇ ಇರು’ ಅಂತ ಹೇಳಿ ಸಾಕು. ಮೊದಲ ಸಲ ಫೋನ್ ಎತ್ತದೆ ಇರಬಹುದು. ಒಂದು ವಾರ ಬಿಟ್ಟು ಮತ್ತೆ ಮಾಡಿ, ಇಲ್ಲವಾದರೆ ನಾಲ್ಕು ಸಾಲು ಕಾಗದ ಬರೆಯಿರಿ. ನಿಮ್ಮ ಮನೆಯಲ್ಲಿ ಅವಳಿಗೆ ನೋವಾಗಿದ್ದರೆ, ಅದು ನಿಮಗೆ ಗೊತ್ತಿದ್ದೂ ನೀವು ಸುಮ್ಮನಿದ್ದರೆ, ಆ ಮಾತನ್ನೂ ಬರೆಯಿರಿ. ಮುಚ್ಚಿಟ್ಟು ಮಗುವನ್ನು ಕೇಳಿದರೆ ಅವಳು ಹೇಗೆ ನಂಬಬೇಕು?

ಒಪ್ಪಿದರೆ ಗಾಂಧಿ ಪಾರ್ಕಿನಲ್ಲಿ ಭೇಟಿ ಆಗಿ, ಮಗುವನ್ನು ಸಕ್ರೆಬೈಲಿಗೆ ಆನೆ ನೋಡಲು ಕರೆದುಕೊಂಡು ಹೋಗಿ. ಮಗುವಿನ ಹತ್ತಿರ ಅಮ್ಮನ ವಿಷಯ ಕೇಳಬೇಡಿ, ಅಪ್ಪನ ಸುದ್ದಿ ಹೇಳಬೇಡಿ. ಮುಂದೆ ನಿಮ್ಮ ಮಗನಿಗೆ ಇನ್ನೊಂದು ಮದುವೆಯ ಮಾತು ಬಂದರೂ ಯಾರೂ ಅವಳ ಮುಂದೆ ಬಾಯಿ ಬಿಡುವುದು ಬೇಡ, ಅದನ್ನು ಹೇಳಬೇಕಾದವನು ನಿಮ್ಮ ಮಗ. ಅವನಿಗೆ ನೀವು ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು: ಆ ಎರಡು ಭಾನುವಾರ ಅವನ ಹಕ್ಕಿಗಿಂತ ಹೆಚ್ಚು ಮಗುವಿನದು. ರೈಲು ಇದೆ, ಬಸ್ಸು ಇದೆ, ಬರಲಿ.

ಮೊಮ್ಮಗಳಿಗೆ ಏನಾದರೂ ಕೊಡಬೇಕು ಅಂತ ಮನಸ್ಸಿದ್ದರೆ ನಿಮ್ಮ ಸ್ವಂತದ್ದಕ್ಕೆ ಈಗಲೇ ವಿಲ್ ಬರೆದಿಡಿ. ಅದನ್ನು ಮಾತ್ರ ಭೇಟಿಯ ಮಾತಿಗೆ ಸೇರಿಸಬೇಡಿ, ಆಮಿಷದ ಹಾಗೆ ಕಾಣುತ್ತದೆ.

ಪ್ರಶ್ನೆ: ನನಗೆ 54. ಮದುವೆಯಾಗಿ 33 ವರ್ಷ. ಮಕ್ಕಳು ದಡ ಸೇರಿದರು. ಯಜಮಾನರು ಯಾವತ್ತೂ ಕೈ ಮಾಡಿಲ್ಲ, ಆದರೆ ಮಾತಿನಲ್ಲೇ ತುಳಿದಿದ್ದಾರೆ. ಒಂದು ರವಿಕೆ ಬಟ್ಟೆಗೂ ಕೈ ಚಾಚಬೇಕು. ಉಳಿದ ವರ್ಷಗಳನ್ನು ಶಿವಮೊಗ್ಗದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು ನೆಮ್ಮದಿಯಾಗಿ ಕಳೆಯಬೇಕು ಅನ್ನಿಸಿದೆ. ಮಗಳು ಸರಿ ಅಂತಾಳೆ, ಮಗ ಈ ವಯಸ್ಸಿನಲ್ಲಿ ಇದೇನು ಅಂತಾನೆ. ಯಜಮಾನರು ‘ಹೋಗು, ಇಬ್ಬರೂ ಒಪ್ಪಿ ಬೇರೆ ಇದ್ದೇವೆ ಅಂತ ಸಹಿ ಮಾಡಿ ಹೋಗು’ ಅಂತಾರೆ. ಡೈವೋರ್ಸ್ ನನಗೆ ಬೇಡ. (ಸೊರಬ)

ಸಹಿ ಮಾಡಬೇಡಿ ಅಕ್ಕಾ. ಆ ಕಾಗದ ಅವರು ಯಾಕೆ ಕೇಳುತ್ತಿದ್ದಾರೆ ಗೊತ್ತಾ? ಇಬ್ಬರೂ ಒಪ್ಪಿ ಬೇರೆ ಇದ್ದರೆ ಹೆಂಡತಿ ಜೀವನಾಂಶ ಕೇಳುವಂತಿಲ್ಲ ಅಂತ ಕಾನೂನಿದೆ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಅನ್ನುತ್ತಿದ್ದ ಕಲಂ, 2024ರ ಜುಲೈನಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಅಂಕಿ ಬದಲಾಯಿತು, ಈ ನಿಯಮ ಹಾಗೇ ಇದೆ.

ನಿಮಗೆ ಡೈವೋರ್ಸ್ ಇಲ್ಲದೆಯೇ ದಾರಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರ ದೌರ್ಜನ್ಯ ಅಲ್ಲ. ಮಾತಿನಲ್ಲಿ ಹೀಯಾಳಿಸುವುದು, ದುಡ್ಡು ಕೊಡದೆ ಕೈ ಚಾಚಿಸುವುದು ಎರಡೂ ಸೇರಿವೆ. ಈ ಕಾಯ್ದೆಯಡಿ ಸರ್ಕಾರ ನೇಮಿಸಿರುವ ರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರೆ ಖರ್ಚಿಗೆ ದುಡ್ಡು, ಇರಲು ಜಾಗ ಅಥವಾ ಬಾಡಿಗೆ ಕೇಳಬಹುದು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೇಸು ಎಳೆದಾಡಿದರೂ ಆ ತಿಂಗಳುಗಳು ಹಾಳಾಗುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಮಹಿಳಾ ಸಹಾಯವಾಣಿ 181 ಇದೆ.

ಮನೆ ಬಿಡುವ ಮೊದಲು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮದುವೆ ಫೋಟೋ ನಿಮ್ಮ ಕೈಯಲ್ಲಿರಲಿ. ತವರಿನವರು ಹಾಕಿದ ಒಡವೆ, ಮದುವೆಯಲ್ಲಿ ನಿಮಗೆ ಬಂದ ಒಡವೆ ನಿಮ್ಮ ಸ್ತ್ರೀಧನ, ಗಂಡ ಅದರ ಒಡೆಯ ಅಲ್ಲ. ನಿಮ್ಮ ಹೆಸರಲ್ಲಿ ಮಾತ್ರ ಇರುವ ಒಂದು ಖಾತೆ ತೆಗೆಯಿರಿ.

ಮಗನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವನು ಕಂಡದ್ದು ಅವನಿಗೆ ಊಟ ಬಡಿಸುತ್ತಿದ್ದ ಅಮ್ಮನನ್ನು ಮಾತ್ರ. ಶಿವಮೊಗ್ಗದಲ್ಲಿ ಮನೆ ಮಾಡಿದ ಮೇಲೆ ಒಂದು ಸಲ ಊಟಕ್ಕೆ ಕರೆಯಿರಿ, ಮಗಳು ಬಂದಾಗ ಅವನೂ ಬರಲಿ. ಇನ್ನೊಂದು ವಿಷಯ, ಇದು ಕಾನೂನಲ್ಲ: ಮೊದಲ ಮೂರು ನಾಲ್ಕು ತಿಂಗಳು ಸಂಜೆ ಹೊತ್ತು ತುಂಬ ಕಷ್ಟ ಆಗುತ್ತದೆ. ಮೂವತ್ಮೂರು ವರ್ಷ ಆ ಹೊತ್ತಿಗೆ ಯಾರಿಗೋ ಕಾಫಿ ಮಾಡಿ ಅಭ್ಯಾಸ. ತಪ್ಪು ಮಾಡಿದೆನಾ ಅನ್ನಿಸುತ್ತದೆ. ಆ ಹೊತ್ತಿಗೆ ಹೊರಗೆ ಹೋಗಿ, ಸಂಗೀತವೋ ಭಜನೆಯೋ ವಾಕಿಂಗೋ ಏನಾದರೂ ಇರಲಿ. ನನ್ನ ಕಕ್ಷಿದಾರರು ಒಬ್ಬರು ನಿಮ್ಮ ವಯಸ್ಸಿನಲ್ಲೇ ಬೇರೆ ಬಂದವರು, ಈಗ ಮನೆಯಲ್ಲೇ ಉಪ್ಪಿನಕಾಯಿ, ತೊಡೆದೇವು ಮಾಡಿ ಮಾರುತ್ತಾರೆ. ಹೋದ ಸಲ ಬಂದಾಗ ‘ನಾನೇ ದುಡ್ಡು ಕೊಟ್ಟು ಆಟೋದಲ್ಲಿ ಬಂದೆ’ ಅಂತ ಹೇಳಿ ನಕ್ಕರು.

ಪ್ರಶ್ನೆ: ನನಗೆ 36, ಅವರಿಗೆ 41. ಇಬ್ಬರಿಗೂ ಮೊದಲ ಮದುವೆ ಕೋರ್ಟಿನಲ್ಲಿ ಮುಗಿದಿದೆ. ಅವರಿಗೆ ಒಂಬತ್ತು ವರ್ಷದ ಮಗ ಇದ್ದಾನೆ. ಛತ್ರ, ವಾಲಗ ಬೇಡ ಅನ್ನಿಸುತ್ತದೆ. ಸರಳವಾಗಿ ಹೇಗೆ ಮಾಡಿಕೊಳ್ಳುವುದು? ಹುಡುಗನಿಗೆ ಹೇಗೆ ಹೇಳುವುದು? (ಶಿಕಾರಿಪುರ)

ಸರಳ ಮದುವೆಗೆ ನೀವು ದೂರ ಹುಡುಕಬೇಕಾಗಿಲ್ಲ. ಕುಪ್ಪಳಿಯ ಕುವೆಂಪು ಅವರೇ ಮಂತ್ರ ಮಾಂಗಲ್ಯ ಅಂತ ದಾರಿ ತೋರಿಸಿಕೊಟ್ಟಿದ್ದಾರೆ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಗಂಡು ಹೆಣ್ಣು ಸಮಾನರು ಅಂತ ನಾಲ್ಕು ಜನರ ಮುಂದೆ ಪ್ರತಿಜ್ಞೆ ಓದುವುದು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೂ ಹೀಗೇ ಮಾಡಿದರು. ಆದರೆ ಕಾನೂನಿನ ದೃಷ್ಟಿಯಿಂದ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗಿ, ಅದು ಗಟ್ಟಿ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ಈ ಜಿಲ್ಲೆಯಲ್ಲಿ ವಾಸ ಇರಬೇಕು, ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಇಬ್ಬರ ಡೈವೋರ್ಸ್ ಡಿಕ್ರಿ ಪ್ರತಿಯನ್ನೂ ತಪ್ಪದೆ ತೆಗೆದುಕೊಂಡು ಹೋಗಿ.

ಹುಡುಗನಿಗೆ ಅವನ ಅಪ್ಪನೇ ಹೇಳಲಿ, ನೀವು ಅಲ್ಲ. ಅಮ್ಮ ಅನ್ನು ಅಂತ ಒತ್ತಾಯ ಬೇಡ, ಅವನಿಗೆ ಅಮ್ಮ ಇದ್ದಾರೆ. ಆಂಟಿ ಅನ್ನಲಿ, ಹೆಸರು ಹಿಡಿದು ಕರೆಯಲಿ, ಅವನಿಗೆ ಬಂದದ್ದು ಅನ್ನಲಿ. ಮದುವೆಗೆ ಮೊದಲು ಮೂವರೂ ಒಂದು ದಿನ ಸುಮ್ನೆ ಎಲ್ಲಾದರೂ ಹೋಗಿ ಬನ್ನಿ, ಮದುವೆ ವಿಷಯ ಎತ್ತಬೇಡಿ. ಎಲ್ಲಿಗೆ ಅಂತ ಅವನೇ ಹೇಳಲಿ.